ಮೈಕ್ರೊ ಇನ್ವರ್ಟರಿನಲ್ಲಿ 20 ವ್ಯಾಟ್ ಎಲ್ಲಿ ಸೋರುತ್ತದೆ? ನಷ್ಟದ ಲೆಕ್ಕ ಕಟ್ಟಿದ ಬಗೆ

ಒಂದೇ ಸೋಲಾರ್ ಪ್ಯಾನೆಲ್ಲಿನ ಬೆನ್ನಿಗೆ ಕೂತು ಅದರ ಡಿಸಿಯನ್ನು ಗ್ರಿಡ್ಡಿನ ಎಸಿಗೆ ಬದಲಿಸುವ ಮೈಕ್ರೊ ಇನ್ವರ್ಟರಿನ ನಷ್ಟವನ್ನು ಕಾಗದದ ಮೇಲೆ ಹಿಡಿಯಲು ಹೋದವರು ಮೊದಲು ಎಡವುವುದು ಸರಾಸರಿಯಲ್ಲಿ. ಸಾಮಾನ್ಯ ಡಿಸಿ-ಡಿಸಿ ಕನ್ವರ್ಟರಿಗೆ ಒಂದು ವೋಲ್ಟೇಜು, ಒಂದು ಕರೆಂಟು, ಒಂದು ಡ್ಯೂಟಿ (ಸುತ್ತಿನಲ್ಲಿ ಸ್ವಿಚ್ ಆನ್ ಇರುವ ಪಾಲು) ಹಿಡಿದು ಲೆಕ್ಕ ಮುಗಿಸಬಹುದು. ಇಲ್ಲಿ ಹಾಗಲ್ಲ. ಗ್ರಿಡ್ಡಿನ ಅರ್ಧ ಆವರ್ತದಲ್ಲಿ, ಅಂದರೆ 10 ಮಿಲಿಸೆಕೆಂಡಿನಲ್ಲಿ, ಕರೆಂಟು ಸೊನ್ನೆಯಿಂದ ತುದಿಗೇರಿ ಮತ್ತೆ ಸೊನ್ನೆಗೆ ಇಳಿಯುತ್ತದೆ. 100 ಕಿಲೊಹರ್ಟ್ಸ್ ಸ್ವಿಚಿಂಗ್ ಆದರೆ ಅಷ್ಟರಲ್ಲಿ ಸಾವಿರ ಸುತ್ತು ಆಗುತ್ತವೆ, ಒಂದು ಸುತ್ತಿನ ನಷ್ಟ ಇನ್ನೊಂದರಂತೆ ಇರುವುದಿಲ್ಲ. ಆ ಸಾವಿರವನ್ನೂ ಲೆಕ್ಕಕ್ಕೆ ತಂದರೆ ಮಾತ್ರ ಅಂಕಿ ತಾಳೆ ಬೀಳುತ್ತದೆ.

ಲೆಕ್ಕಕ್ಕೆ ಹಿಡಿದ ಸರ್ಕ್ಯೂಟ್ ಇದು. 60 ಸೆಲ್ಲಿನ 250 ವ್ಯಾಟ್ ಪ್ಯಾನೆಲ್, ಗರಿಷ್ಠ ಪವರಿನಲ್ಲಿ 30 ವೋಲ್ಟ್, 8.33 ಆಂಪಿಯರ್. ಅದಕ್ಕೆ ಎರಡು ಫೇಸಿನ ಇಂಟರ್‌ಲೀವ್ಡ್ ಫ್ಲೈಬ್ಯಾಕ್ (ಸ್ವಿಚ್ ಆನ್ ಇದ್ದಾಗ ಟ್ರಾನ್ಸ್‌ಫಾರ್ಮರಿನಲ್ಲಿ ಶಕ್ತಿ ತುಂಬಿ, ಆಫ್ ಆದಾಗ ಸೆಕೆಂಡರಿಗೆ ಬಿಡುವ, ಸರದಿಯಲ್ಲಿ ಕೆಲಸ ಮಾಡುವ ಎರಡು ಸರ್ಕ್ಯೂಟ್), ಒಂದೊಂದಕ್ಕೆ 125 ವ್ಯಾಟ್, 100 ಕಿಲೊಹರ್ಟ್ಸ್, ಡಿಸ್‌ಕಂಟಿನ್ಯುಯಸ್ ಮೋಡ್, ಅಂದರೆ ಪ್ರತಿ ಸುತ್ತಿನಲ್ಲೂ ಕರೆಂಟು ಸೊನ್ನೆಗೆ ಇಳಿದ ಮೇಲೆಯೇ ಮುಂದಿನ ಸುತ್ತು ಶುರು. ಟ್ರಾನ್ಸ್‌ಫಾರ್ಮರ್ 1ಕ್ಕೆ 6. ಸೆಕೆಂಡರಿಯಲ್ಲಿ 1200 ವೋಲ್ಟಿನ ಸಿಲಿಕಾನ್ ಕಾರ್ಬೈಡ್ ಡಯೋಡ್. ಕೊನೆಯಲ್ಲಿ 100 ಹರ್ಟ್ಸಿನ ಗುಡ್ಡಗಳನ್ನು ಮೇಲೆ ಕೆಳಗೆ ತಿರುಗಿಸಿ ಸೈನ್ ಅಲೆ ಮಾಡುವ ಅನ್‌ಫೋಲ್ಡಿಂಗ್ ಬ್ರಿಜ್. ಗ್ರಿಡ್ ನಮ್ಮದೇ 230 ವೋಲ್ಟ್, 50 ಹರ್ಟ್ಸ್. ನಷ್ಟ ಕಳೆಯದೆ ಎಲ್ಲ ಕಡೆ 250 ವ್ಯಾಟ್ ಎಂದೇ ಹಿಡಿದಿರುವುದರಿಂದ ಸೆಕೆಂಡರಿ ಕಡೆಯ ಅಂಕಿಗಳು ನಿಜಕ್ಕಿಂತ ಒಂದಿಷ್ಟು ಹೆಚ್ಚಿಗೆ ಬರುತ್ತವೆ. ಮೊದಲ ಸುತ್ತಿಗೆ ಅದು ಸಾಕು.

ಡ್ಯೂಟಿಯನ್ನು ಸೈನಿನ ಜೊತೆ ಏರಿಳಿಸಬೇಕು. ತುದಿಯಲ್ಲಿ ಡ್ಯೂಟಿ 0.6 ಇರಲಿ ಎಂದುಕೊಂಡರೆ ಪ್ರೈಮರಿ ಇಂಡಕ್ಟೆನ್ಸ್ ತಾನಾಗಿ ಸಿಗುತ್ತದೆ: ವೋಲ್ಟೇಜಿನ ವರ್ಗ ಗುಣಿಸು ಡ್ಯೂಟಿಯ ವರ್ಗ, ಅದನ್ನು ಪವರಿನ ನಾಲ್ಕು ಪಟ್ಟು ಮತ್ತು ಫ್ರೀಕ್ವೆನ್ಸಿಯ ಗುಣಲಬ್ಧದಿಂದ ಭಾಗಿಸಿದರೆ 6.48 ಮೈಕ್ರೊಹೆನ್ರಿ. ತುದಿಯ ಸುತ್ತಿನಲ್ಲಿ ಪ್ರೈಮರಿ ಕರೆಂಟು 27.8 ಆಂಪಿಯರ್ ಮುಟ್ಟುತ್ತದೆ. ಡಯೋಡ್ ಕೆಲಸ ಮಾಡುವ ಅವಧಿ ಮಾತ್ರ ಅರ್ಧ ಆವರ್ತದುದ್ದಕ್ಕೂ ಒಂದೇ ಸಮ ಇರುತ್ತದೆ, ಸುತ್ತಿನ 0.33 ಭಾಗ. ಕರೆಂಟೂ ಗ್ರಿಡ್ ವೋಲ್ಟೇಜೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವುದರಿಂದ ಹೀಗಾಗುತ್ತದೆ. ಸೆಕೆಂಡರಿ ಕಡೆಯ ಲೆಕ್ಕವನ್ನು ಇದು ಬಹಳ ಹಗುರ ಮಾಡುತ್ತದೆ.

ಇಡೀ 10 ಮಿಲಿಸೆಕೆಂಡನ್ನು ಸರ್ಕ್ಯೂಟ್ ಸಿಮ್ಯುಲೇಟರ್ ಆದ ಎಲ್‌ಟಿಸ್ಪೈಸಿನಲ್ಲಿ 10 ನ್ಯಾನೊಸೆಕೆಂಡಿನ ಹೆಜ್ಜೆಯಲ್ಲಿ ಓಡಿಸಿದರೆ ಹತ್ತು ಲಕ್ಷ ಬಿಂದು. ಒಂದು ಬಿಡಿಭಾಗ ಬದಲಿಸಿದಾಗಲೆಲ್ಲ ಕಾಯುತ್ತ ಕೂರಬೇಕಾಗುತ್ತದೆ. ಅದರ ಬದಲು ಸ್ಪ್ರೆಡ್‌ಶೀಟಿನಲ್ಲಿ ಒಂಬತ್ತು ಸಾಲು ಸಾಕು: 5, 15, 25 ಎಂದು ಹತ್ತು ಹತ್ತು ಡಿಗ್ರಿಗೆ 85ರವರೆಗೆ. ಪ್ರತಿ ಸಾಲಿನಲ್ಲಿ ಆ ಕೋನದ ಒಂದು ಸ್ವಿಚಿಂಗ್ ಸುತ್ತಿನ ನಷ್ಟ ಬರೆದು ಕೊನೆಯಲ್ಲಿ ಸರಾಸರಿ ತೆಗೆಯುವುದು. ಮುಂದುವರಿಯುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ: ಸೈನಿನ ವರ್ಗದ ಸರಾಸರಿ 0.5, ಘನದ ಸರಾಸರಿ 0.424 ಬರಬೇಕು. ಬರದಿದ್ದರೆ ಕಾಲಮ್ಮಿನಲ್ಲಿ ಎಲ್ಲೋ ಡಿಗ್ರಿ, ರೇಡಿಯನ್ ಅದಲುಬದಲಾಗಿದೆ. ಸ್ಪೈಸನ್ನು ಒಂದೆರಡು ಕೋನಗಳಲ್ಲಿ ಸ್ವಿಚ್ ಆಫ್ ಆಗುವ ಗಳಿಗೆಯನ್ನು ಹತ್ತಿರದಿಂದ ನೋಡುವುದಕ್ಕೆ ಮಾತ್ರ ಮೀಸಲಿಡುವುದು ಒಳ್ಳೆಯದು.

ಮೊದಲ ಸಾಲು ಪ್ರೈಮರಿಯ ಸ್ವಿಚ್ಚಾದ ಮಾಸ್‌ಫೆಟ್. 150 ವೋಲ್ಟಿನದು, 25 ಡಿಗ್ರಿಯಲ್ಲಿ 11 ಮಿಲಿಓಂ. ಸರಾಸರಿ ಕರೆಂಟು 4.17 ಆಂಪಿಯರ್ ಎಂದು ಹಿಡಿದು ವರ್ಗ ಮಾಡಿ ಗುಣಿಸಿದರೆ 0.19 ವ್ಯಾಟ್ ಬರುತ್ತದೆ, ನೋಡಲು ಚೆನ್ನಾಗಿದೆ. ಆದರೆ ಶಾಖ ಹುಟ್ಟಿಸುವುದು ಆರ್‌ಎಂಎಸ್ ಕರೆಂಟು, ಅಂದರೆ ಕರೆಂಟಿನ ವರ್ಗದ ಸರಾಸರಿಯ ವರ್ಗಮೂಲ. ತುದಿಯ ಕರೆಂಟಿನ ವರ್ಗವನ್ನು ಡ್ಯೂಟಿಯ ಮೂರನೇ ಒಂದು ಭಾಗದಿಂದಲೂ ಆ 0.424ರಿಂದಲೂ ಗುಣಿಸಿ ವರ್ಗಮೂಲ ತೆಗೆದರೆ ಆರ್‌ಎಂಎಸ್ 8.1 ಆಂಪಿಯರ್. ಒಳಗಿನ ಚಿಪ್, ಅಂದರೆ ಜಂಕ್ಷನ್, 100 ಡಿಗ್ರಿ ದಾಟಿದಾಗ ರೆಸಿಸ್ಟೆನ್ಸ್ 1.7 ಪಟ್ಟು, ಅಂದರೆ 18.7 ಮಿಲಿಓಂ. ನಷ್ಟ 1.23 ವ್ಯಾಟ್, ಮೊದಲ ಅಂಕಿಯ ಆರು ಪಟ್ಟಿಗೂ ಹೆಚ್ಚು. ಎರಡು ಫೇಸಿಗೆ 2.45.

ಉಷ್ಣತೆಯನ್ನು ಊಹಿಸಿ ಬಿಡುವಂತಿಲ್ಲ, ಸುತ್ತು ಹಾಕಿ ಹಿಡಿಯಬೇಕು. ಬೇಸಿಗೆಯ ರಾಯಚೂರು, ಕಲಬುರಗಿಯ ತಾರಸಿಯಲ್ಲಿ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ಪ್ಯಾನೆಲ್ಲಿನ ಅಡಿಯಲ್ಲಿರುವ ಡಬ್ಬಿಯ ಸುತ್ತ 65 ಎಂದು ಹಿಡಿಯುವುದು ಹೆಚ್ಚಲ್ಲ. ಜಂಕ್ಷನ್ನಿನಿಂದ ಹೊರಗಾಳಿಯವರೆಗೆ ವ್ಯಾಟಿಗೆ 12 ಡಿಗ್ರಿ ಏರಿಕೆ ಎಂದಿಟ್ಟುಕೊಂಡರೆ, ಮುಂದೆ ಬರುವ ಸ್ವಿಚಿಂಗ್ ನಷ್ಟವನ್ನೂ ಕೂಡಿಸಿ 25 ಡಿಗ್ರಿಯ ರೆಸಿಸ್ಟೆನ್ಸಿನಿಂದ ಹೊರಟ ಲೆಕ್ಕ ಮೊದಲ ಸುತ್ತಿಗೆ 96ಕ್ಕೆ, ಎರಡನೆಯದಕ್ಕೆ 102ಕ್ಕೆ ಬಂದು ಮೂರನೆಯದರಲ್ಲಿ ನಿಲ್ಲುತ್ತದೆ. ನಿಲ್ಲದೆ ಏರುತ್ತಲೇ ಹೋದರೆ ಮಾಡೆಲ್ ಕೆಟ್ಟಿಲ್ಲ, ಹೀಟ್‌ಸಿಂಕ್ ಸಾಲದು ಎಂದರ್ಥ.

ಟ್ರಾನ್ಸ್‌ಫಾರ್ಮರಿನ ಕೋರ್ ನಷ್ಟದಲ್ಲಿ ಒಂದು ಕಣ್ತಪ್ಪು ಎಷ್ಟು ದುಬಾರಿ ಎಂಬುದನ್ನು ಬಿಡಿಸಿ ಹೇಳಬೇಕು. ಕೋರ್ ಆರ್‌ಎಂ14, ಫೆರೈಟ್ ಎನ್87 ದರ್ಜೆಯದು, ಪ್ರೈಮರಿ 4 ಸುತ್ತು, ಅಡ್ಡಕೊಯ್ತ ಸುಮಾರು 200 ಚದರ ಮಿಲಿಮೀಟರ್, ಗ್ಯಾಪ್ 0.62 ಮಿಲಿಮೀಟರ್. ತುದಿಯಲ್ಲಿ ಫ್ಲಕ್ಸ್ ಸಾಂದ್ರತೆ 0.225 ಟೆಸ್ಲಾ. ಡೇಟಾಶೀಟಿನಲ್ಲಿ 100 ಕಿಲೊಹರ್ಟ್ಸ್, 0.2 ಟೆಸ್ಲಾ, 100 ಡಿಗ್ರಿಗೆ ಘನಮೀಟರಿಗೆ 375 ಕಿಲೊವ್ಯಾಟ್ ಎಂದಿರುತ್ತದೆ. ಘಾತ 2.5 ಹಿಡಿದು 0.225ನ್ನು ಹಾಗೇ ಕೋರ್ ನಷ್ಟ ಲೆಕ್ಕ ಹಾಕುವ ಸ್ಟೈನ್‌ಮೆಟ್ಜ್ ಸೂತ್ರಕ್ಕೆ ತುರುಕಿದರೆ 14 ಘನ ಸೆಂಟಿಮೀಟರಿನ ಕೋರಿಗೆ 7 ವ್ಯಾಟ್. ಇದನ್ನು ನೋಡಿ ಗಾಬರಿಯಾಗಿ ಕೋರ್ ದೊಡ್ಡದು ಮಾಡಲು ಹೊರಡುವವರಿದ್ದಾರೆ. ಡೇಟಾಶೀಟಿನ 0.2 ಎಂದರೆ ಸೊನ್ನೆಯ ಎರಡೂ ಕಡೆಗೆ 0.2ರಷ್ಟು ತೂಗುವ ಅಲೆ. ಫ್ಲೈಬ್ಯಾಕಿನ ಫ್ಲಕ್ಸ್ ಸೊನ್ನೆಯಿಂದ ಒಂದೇ ಕಡೆಗೆ ಏರಿಳಿಯುತ್ತದೆ, ಹಾಗಾಗಿ ತೂಗು ಅದರರ್ಧ, 0.113. ಅಷ್ಟಕ್ಕೆ ತುದಿಯಲ್ಲಿ 1.25 ವ್ಯಾಟ್, ಸೈನಿನ ಉದ್ದಕ್ಕೂ ಸರಾಸರಿ ಮಾಡಿದರೆ 0.57. ಹನ್ನೆರಡು ಪಟ್ಟು ವ್ಯತ್ಯಾಸ! ಡಿಸಿ ಬಯಾಸ್ ಮತ್ತು ಓರೆಯಾದ ತ್ರಿಕೋನದ ಆಕಾರ ನಿಜವಾದ ನಷ್ಟವನ್ನು ಇದಕ್ಕಿಂತ ಸ್ವಲ್ಪ ಏರಿಸುತ್ತವೆ. ಆದರೂ ಇದು 7ರ ಹತ್ತಿರಕ್ಕೆ ಸುಳಿಯುವುದಿಲ್ಲ.

ತಾಮ್ರದ ನಷ್ಟ ಚಿಕ್ಕದು, ಒಂದು ಟ್ರಾನ್ಸ್‌ಫಾರ್ಮರಿಗೆ ಅರ್ಧ ವ್ಯಾಟ್. ಅದೂ ಸಣ್ಣ ಎಳೆಗಳನ್ನು ಹೊಸೆದ ಲಿಟ್ಜ್ ತಂತಿ ಹಾಕಿದರೆ ಮಾತ್ರ. 100 ಕಿಲೊಹರ್ಟ್ಸಿನಲ್ಲಿ ತಾಮ್ರದ ಸ್ಕಿನ್ ಡೆಪ್ತ್, ಅಂದರೆ ಕರೆಂಟು ಮೇಲ್ಮೈಯಿಂದ ಒಳಗಿಳಿಯುವ ಆಳ, 0.21 ಮಿಲಿಮೀಟರ್. ದಪ್ಪ ಎನಾಮಲ್ ತಂತಿ ಸುತ್ತಿದರೆ ಒಳಗಿನ ತಾಮ್ರಕ್ಕೆ ಕೆಲಸವಿಲ್ಲ. ಗ್ಯಾಪಿನ ಎದುರಿಗೇ ತಂತಿ ಬಂದರೆ ಚಿಮ್ಮುವ ಫ್ಲಕ್ಸ್ ಅಲ್ಲೇ ಸುಡುತ್ತದೆ. ಬಾಬಿನ್ನಿನಲ್ಲಿ ಆ ಜಾಗದಲ್ಲಿ ಟೇಪ್ ಸುತ್ತಿ ತಂತಿಯನ್ನು ದೂರ ಇಡುವುದು ಅಗ್ಗದ ಪರಿಹಾರ.

ಈ ಸರ್ಕ್ಯೂಟಿನ ದೊಡ್ಡ ತೂತು ಕ್ಲ್ಯಾಂಪ್, ಅಂದರೆ ಸ್ವಿಚ್ ಆಫ್ ಆದಾಗ ಏಳುವ ವೋಲ್ಟೇಜನ್ನು ಹಿಡಿದು ನಿಲ್ಲಿಸುವ ಭಾಗ. ಟ್ರಾನ್ಸ್‌ಫಾರ್ಮರಿನ ಲೀಕೇಜ್ ಇಂಡಕ್ಟೆನ್ಸ್ ಶೇ 1 ಇದ್ದರೆ 65 ನ್ಯಾನೊಹೆನ್ರಿ. ಅದರಲ್ಲಿ ಕೂತ ಶಕ್ತಿ ಸೆಕೆಂಡರಿಗೆ ಹೋಗಲಾರದೆ ರೆಸಿಸ್ಟರ್, ಕೆಪಾಸಿಟರ್, ಡಯೋಡ್ ಸೇರಿದ ಕ್ಲ್ಯಾಂಪಿಗೆ ಬಂದು ಬೀಳುತ್ತದೆ. ಅರ್ಧ ಗುಣಿಸು ಲೀಕೇಜ್ ಗುಣಿಸು ಕರೆಂಟಿನ ವರ್ಗ ಗುಣಿಸು ಫ್ರೀಕ್ವೆನ್ಸಿ ಎಂದು ಲೆಕ್ಕ ಹಾಕಿದರೆ ಸರಾಸರಿ 1.26 ವ್ಯಾಟ್. ಹೆಚ್ಚಿನ ಲೆಕ್ಕಗಳು ಇಲ್ಲೇ ನಿಲ್ಲುತ್ತವೆ, ಇಲ್ಲೇ ತಪ್ಪುತ್ತವೆ. ಲೀಕೇಜಿನ ಕರೆಂಟು ಇಳಿಯುವ ಹೊತ್ತಿನಲ್ಲಿ ಮ್ಯಾಗ್ನೆಟೈಸಿಂಗ್ ಶಕ್ತಿಯ ಒಂದು ಪಾಲೂ ಅದೇ ದಾರಿ ಹಿಡಿಯುತ್ತದೆ. ಗ್ರಿಡ್ಡಿನ ತುದಿಯಲ್ಲಿ ಪ್ರೈಮರಿಗೆ ಪ್ರತಿಫಲಿಸುವ ವೋಲ್ಟೇಜು 325ನ್ನು 6ರಿಂದ ಭಾಗಿಸಿದಷ್ಟು, 54.2. ಕ್ಲ್ಯಾಂಪ್ 80 ವೋಲ್ಟಿನಲ್ಲಿ ನಿಂತರೆ ನಷ್ಟ 80 ಭಾಗಿಸು 25.8ರಷ್ಟು (80ರಲ್ಲಿ 54.2 ಕಳೆದದ್ದು), ಅಂದರೆ 3.1 ಪಟ್ಟು ಬೆಳೆಯುತ್ತದೆ. ಒಂದು ಫೇಸಿಗೆ 3.9 ವ್ಯಾಟ್, ಎರಡಕ್ಕೆ 7.8. ಇಡೀ ಇನ್ವರ್ಟರಿನ ನಷ್ಟದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಈ ಎರಡು ಕ್ಲ್ಯಾಂಪುಗಳ ಹೊಟ್ಟೆಗೆ!

ಆ 80 ವೋಲ್ಟಿಗೆ ಬೇಕಾದ ರೆಸಿಸ್ಟರ್ 820 ಓಂ, ಜೊತೆಗೆ 100 ನ್ಯಾನೊಫ್ಯಾರಡ್. ಕಾಲಸ್ಥಿರಾಂಕ 82 ಮೈಕ್ರೊಸೆಕೆಂಡ್. ಸ್ವಿಚಿಂಗ್ ಸುತ್ತಿಗಿಂತ ಉದ್ದ, ಗ್ರಿಡ್ಡಿನ ಅರ್ಧ ಆವರ್ತಕ್ಕಿಂತ ಬಹಳ ಚಿಕ್ಕದು. ಹಾಗಾಗಿ ಕ್ಲ್ಯಾಂಪ್ ವೋಲ್ಟೇಜೂ ಸೈನಿನ ಬೆನ್ನು ಹತ್ತಿ ಏರಿಳಿಯುತ್ತದೆ, 3.1 ಎಂಬ ಗುಣಕ ಪ್ರತಿ ಕೋನದಲ್ಲೂ ಅದೇ ಇರುತ್ತದೆ. ಕೆಪಾಸಿಟರನ್ನು ಸಿಕ್ಕಾಪಟ್ಟೆ ದೊಡ್ಡದು ಮಾಡಿದರೆ ಈ ಸರಳತೆ ಹೋಗುತ್ತದೆ.

ಈಗ ಮೋಡ ಕವಿದ ಹೊತ್ತನ್ನು ನೋಡಿ. ಪವರು 25 ವ್ಯಾಟಿಗೆ ಇಳಿದಾಗ ಲೀಕೇಜಿನ ಶಕ್ತಿ ಹತ್ತನೇ ಒಂದಕ್ಕೆ ಇಳಿಯುತ್ತದೆ, ಕ್ಲ್ಯಾಂಪ್ ನಷ್ಟವೂ 0.8ಕ್ಕೆ ಇಳಿಯಬೇಕಲ್ಲ? ಇಳಿಯುವುದಿಲ್ಲ. ಗ್ರಿಡ್ ವೋಲ್ಟೇಜು ಇದ್ದಷ್ಟೇ ಇದೆ. ಡಯೋಡ್ ಕೆಲಸ ಮಾಡುವಾಗೆಲ್ಲ ಆ 54 ವೋಲ್ಟ್ ಕ್ಲ್ಯಾಂಪಿನ ಕೆಪಾಸಿಟರನ್ನು ತುಂಬುತ್ತಲೇ ಇರುತ್ತದೆ, 820 ಓಂ ಅದನ್ನು ಕುಡಿಯುತ್ತಲೇ ಇರುತ್ತದೆ. ಸಮೀಕರಣ ಬಿಡಿಸಿದರೆ ತುದಿಯ ಕ್ಲ್ಯಾಂಪ್ ವೋಲ್ಟೇಜು 57.8, ಎರಡು ಫೇಸಿನ ನಷ್ಟ 4.1 ವ್ಯಾಟ್. 25 ವ್ಯಾಟಿನಲ್ಲಿ 4.1 ಎಂದರೆ ಶೇ 16. ಒಂದು ಫೇಸನ್ನು ಪೂರ್ತಿ ಆರಿಸಿ ಇನ್ನೊಂದರಲ್ಲೇ ಎಲ್ಲ ಪವರು ಸಾಗಿಸಿದರೆ ಇದು 2.3ಕ್ಕೆ ಬರುತ್ತದೆ. ಕಡಿಮೆ ಬಿಸಿಲಿನಲ್ಲಿ ಒಂದು ಫೇಸ್ ಆರಿಸುವ ಪದ್ಧತಿಯ ಬೆಲೆ ತಿಳಿಯುವುದು ಇಲ್ಲಿ.

ಹಾಗಾದರೆ 200 ವೋಲ್ಟಿನ ಮಾಸ್‌ಫೆಟ್ ಹಾಕಿ ಕ್ಲ್ಯಾಂಪನ್ನು 100 ವೋಲ್ಟಿಗೆ ಏರಿಸಿದರೆ? ಗುಣಕ 3.1ರಿಂದ 2.2ಕ್ಕೆ ಇಳಿಯುತ್ತದೆ, ರೆಸಿಸ್ಟರ್ 1.8 ಕಿಲೊಓಂ ಆಗುತ್ತದೆ, ಪೂರ್ಣ ಲೋಡಿನಲ್ಲಿ ಕ್ಲ್ಯಾಂಪ್ ನಷ್ಟ 7.8ರಿಂದ 5.5. ಆದರೆ 200 ವೋಲ್ಟಿನ ಡಿವೈಸಿಗೆ ರೆಸಿಸ್ಟೆನ್ಸ್ 20 ಮಿಲಿಓಂ ಎಂದರೆ ಕಂಡಕ್ಷನ್ ನಷ್ಟ 2 ವ್ಯಾಟ್ ಏರುತ್ತದೆ, ಆಫ್ ಆಗುವಾಗಿನ ನಷ್ಟ ಇನ್ನೂ ಅರ್ಧ ವ್ಯಾಟ್. ಪೂರ್ಣ ಲೋಡಿನಲ್ಲಿ ಒಟ್ಟಾರೆ ಕಾಲು ವ್ಯಾಟ್ ಕೈಬಿಡುತ್ತದೆ. ಇಷ್ಟಕ್ಕೇ ನೋಡಿದವರು ಬೇಡವೆನ್ನುತ್ತಾರೆ. ಶೇ 75ರ ಲೋಡಿನಲ್ಲಿ ಅದೇ ಲೆಕ್ಕ ಮಾಡಿದರೆ ಅರ್ಧ ವ್ಯಾಟ್ ಉಳಿಯುತ್ತದೆ, ಶೇ 10ರಲ್ಲಿ 1.9 ವ್ಯಾಟ್ ಉಳಿಯುತ್ತದೆ. ಬೇರೆ ಬೇರೆ ಲೋಡಿನ ದಕ್ಷತೆಗೆ ತೂಕ ಕೊಟ್ಟು ಸರಾಸರಿ ಮಾಡುವ ಕ್ಯಾಲಿಫೋರ್ನಿಯಾ ಎನರ್ಜಿ ಕಮಿಷನ್ನಿನ ಸೂತ್ರದಲ್ಲಿ ಪೂರ್ಣ ಲೋಡಿಗೆ 0.05 ತೂಕ, ಶೇ 75ಕ್ಕೆ 0.53. ಯುರೋಪಿನ ಸೂತ್ರದಲ್ಲಿ ಶೇ 50ಕ್ಕೆ 0.48, ಪೂರ್ಣಕ್ಕೆ 0.20. ಪ್ಯಾನೆಲ್ ದಿನದ ಹೆಚ್ಚು ಹೊತ್ತು ಪೂರ್ಣ ಪವರಿನಲ್ಲಿ ಇರುವುದೇ ಇಲ್ಲ. ಆದ್ದರಿಂದ 200 ವೋಲ್ಟೇ ಸರಿ. ಲೀಕೇಜಿನ ಶಕ್ತಿಯನ್ನು ಸುಡದೆ ವಾಪಸು ಮಾಡುವ ಆಕ್ಟಿವ್ ಕ್ಲ್ಯಾಂಪ್ ಇನ್ನೂ ಮೇಲು. ಅದಕ್ಕೆ ಇನ್ನೊಂದು ಸ್ವಿಚ್ಚು, ಇನ್ನೊಂದು ಡ್ರೈವರ್ ಬೇಕು, ಅವೆರಡರ ನಷ್ಟಕ್ಕೂ ಹೊಸ ಸಾಲು ಬರೆಯಬೇಕು.

ಉಳಿದವು ಬೇಗ ಮುಗಿಯುತ್ತವೆ. 150 ವೋಲ್ಟಿನ ಮೂಲ ವಿನ್ಯಾಸದಲ್ಲಿ ಮಾಸ್‌ಫೆಟ್ 20 ನ್ಯಾನೊಸೆಕೆಂಡಿನಲ್ಲಿ ಆಫ್ ಆದರೆ ಎರಡು ಫೇಸಿಗೆ 3.3 ವ್ಯಾಟ್. ಚಾನೆಲ್ ಮುಚ್ಚುವಾಗ ಕರೆಂಟಿನ ಒಂದು ಪಾಲು ಔಟ್‌ಪುಟ್ ಕೆಪಾಸಿಟೆನ್ಸ್ ತುಂಬಲು ಹೋಗುವುದರಿಂದ ನಿಜದಲ್ಲಿ ಇದು ಕಡಿಮೆ ಇರುತ್ತದೆ. ಅದನ್ನು ಇಲ್ಲೂ ಕೆಪಾಸಿಟೆನ್ಸಿನ ಸಾಲಿನಲ್ಲೂ ಎರಡು ಸಲ ಎಣಿಸಬಾರದು. ಡಯೋಡುಗಳು 1.3, ಬ್ರಿಜ್ 0.9, ಗೇಟ್ ಮತ್ತು ಕೆಪಾಸಿಟೆನ್ಸ್ ಸೇರಿ 0.5, ರೇಡಿಯೊ ಗದ್ದಲ ತಡೆಯುವ ಇಎಂಐ ಫಿಲ್ಟರ್, ಬೋರ್ಡಿನ ತಾಮ್ರ, ಎಲೆಕ್ಟ್ರೊಲಿಟಿಕ್‌ಗಳು ಸೇರಿ 0.9, ಕಂಟ್ರೋಲರ್ ಮತ್ತು ಸಹಾಯಕ ಸಪ್ಲೈ 1.2. ಎಲ್ಲ ಕೂಡಿದರೆ 20.5 ವ್ಯಾಟ್, ದಕ್ಷತೆ ಶೇ 91.8. ಆ 1.2 ವ್ಯಾಟ್ ಮಾತ್ರ ಲೋಡ್ ಎಷ್ಟಿದ್ದರೂ ಬಿಡದ ಬಾಡಿಗೆಯಂತೆ. 25 ವ್ಯಾಟಿನಲ್ಲಿ ಅದೊಂದೇ ಶೇ 5 ತಿನ್ನುತ್ತದೆ.

ಮೀಟರಿಗೆ ಕಾಣದ ನಷ್ಟ ಒಂದಿದೆ. ಗ್ರಿಡ್ಡಿಗೆ ಹೋಗುವ ಪವರು 100 ಹರ್ಟ್ಸಿನಲ್ಲಿ ಮಿಡಿಯುತ್ತದೆ, ಪ್ಯಾನೆಲ್ಲಿನಿಂದ ಬರುವುದು ಒಂದೇ ಸಮ ಇರಬೇಕು. ನಡುವಿನ ವ್ಯತ್ಯಾಸ ಹೊರುವುದು ಇನ್‌ಪುಟ್ಟಿನ ಕೆಪಾಸಿಟರ್. 3300 ಮೈಕ್ರೊಫ್ಯಾರಡ್, 63 ವೋಲ್ಟಿನ ನಾಲ್ಕು ಹಾಕಿದರೆ ಪ್ಯಾನೆಲ್ ವೋಲ್ಟೇಜು ಮೇಲಿನಿಂದ ಕೆಳಕ್ಕೆ 2 ವೋಲ್ಟ್ ಅಲುಗುತ್ತದೆ. ಅಲುಗಾಟದ ಅರ್ಧ, 1 ವೋಲ್ಟ್, 30ರ ಶೇ 3.3. ಇದು ಶೇ 8.5 ಮುಟ್ಟಿದರೆ ಪ್ಯಾನೆಲ್ಲಿನ ಪವರಿನಲ್ಲಿ ಶೇ 2 ಕೈಬಿಡುತ್ತದೆ, ನಷ್ಟ ಅಲುಗಾಟದ ವರ್ಗಕ್ಕೆ ಅನುಗುಣ. ಹಾಗಾಗಿ ಇಲ್ಲಿ ಶೇ 0.3, ಸುಮಾರು 0.8 ವ್ಯಾಟ್. ಇದು ಇನ್ವರ್ಟರಿನ ಒಳಗೆ ಶಾಖವಾಗುವುದಿಲ್ಲ, ಪ್ಯಾನೆಲ್ ಕೊಡದೇ ಉಳಿಸಿಕೊಳ್ಳುವ ಪವರು. ಬೆಂಚಿನ ಪವರ್ ಸಪ್ಲೈ ಹಾಕಿ ಅಳೆದರೆ ಇದು ಮಾಯ, ಏಕೆಂದರೆ ಸಪ್ಲೈ ವೋಲ್ಟೇಜನ್ನು ಬಿಗಿಯಾಗಿ ಹಿಡಿದು 100 ಹರ್ಟ್ಸ್ ಕರೆಂಟನ್ನು ತಾನೇ ಕೊಟ್ಟುಬಿಡುತ್ತದೆ. ಪ್ಯಾನೆಲ್ಲಿನಂತೆಯೇ ವರ್ತಿಸುವ ಸೋಲಾರ್ ಅರೇ ಸಿಮ್ಯುಲೇಟರ್ ಬೇಕು. ಕೆಪಾಸಿಟರ್ ಹಳತಾಗಿ ಶೇ 20 ಸವೆದ ಮೇಲೆ ಇದೇ ನಷ್ಟ ಶೇ 0.5 ಆಗುತ್ತದೆ ಎಂಬುದನ್ನೂ ಮಾಡೆಲಿಗೆ ಈಗಲೇ ಸೇರಿಸಿಡಬೇಕು.

ಅಳತೆಗೆ ಬಂದಾಗ ಲೆಕ್ಕಕ್ಕಿಂತ ಹೆಚ್ಚು ತಾಳ್ಮೆ ಬೇಕು. ಪವರ್ ಅನಲೈಸರಿನ ವೋಲ್ಟೇಜ್ ತಂತಿಗಳನ್ನು ಇನ್ವರ್ಟರಿನ ಟರ್ಮಿನಲ್ಲಿಗೇ ಮುಟ್ಟಿಸಬೇಕು. ಸಪ್ಲೈ ಕಡೆಗೆ ಮುಟ್ಟಿಸಿದರೆ ನಡುವಿನ 10 ಮಿಲಿಓಂ ಕೇಬಲ್ 8.33 ಆಂಪಿಯರಿಗೆ 0.7 ವ್ಯಾಟ್ ತಿಂದು ಅದನ್ನು ಇನ್ವರ್ಟರಿನ ತಲೆಗೆ ಕಟ್ಟುತ್ತದೆ. ಮಲ್ಟಿಮೀಟರಿನ ಸರಾಸರಿ ವೋಲ್ಟೇಜನ್ನು ಸರಾಸರಿ ಕರೆಂಟಿನಿಂದ ಗುಣಿಸುವುದೂ ಸಲ್ಲದು, ಎರಡೂ 100 ಹರ್ಟ್ಸಿನಲ್ಲಿ ಅಲುಗುತ್ತಿರುತ್ತವೆ. ಗ್ರಿಡ್ಡಿನ ಪೂರ್ಣ ಆವರ್ತಗಳ ಮೇಲೆ ಸರಾಸರಿ ಮಾಡುವಂತೆ ಅನಲೈಸರನ್ನು ಹೊಂದಿಸಬೇಕು. ಎರಡೂ ಕಡೆ ಶೇ 0.2 ದೋಷವಿದ್ದರೆ 250 ವ್ಯಾಟಿನಲ್ಲಿ ತಲಾ ಅರ್ಧ ವ್ಯಾಟ್, ಕೆಟ್ಟದಾಗಿ ಕೂಡಿಕೊಂಡರೆ 1 ವ್ಯಾಟ್. 20 ವ್ಯಾಟಿನ ನಷ್ಟದಲ್ಲಿ ಅದು ಶೇ 5. ಅದಕ್ಕಿಂತ ಸೂಕ್ಷ್ಮವಾಗಿ ಮಾಡೆಲನ್ನು ತಿದ್ದಲು ಹೋಗುವುದು ವ್ಯರ್ಥ.

ಲೀಕೇಜ್ ಅಳೆಯುವುದು ಇನ್ನೂ ನಾಜೂಕು. ಸೆಕೆಂಡರಿಯನ್ನು ಶಾರ್ಟ್ ಮಾಡಿ ಎಲ್‌ಸಿಆರ್ ಮೀಟರಿನಲ್ಲಿ 100 ಕಿಲೊಹರ್ಟ್ಸಿಗೆ ಪ್ರೈಮರಿಯನ್ನು ಓದುವುದು ಕ್ರಮ. ಒಂದು ಸೆಂಟಿಮೀಟರ್ ತಂತಿಗೆ ಸುಮಾರು 10 ನ್ಯಾನೊಹೆನ್ರಿ. ಮೊಸಳೆ ಕ್ಲಿಪ್ಪಿನ 3 ಸೆಂಟಿಮೀಟರ್ ಬಾಲ ಉಳಿದರೂ 65ರ ಬದಲು 95 ಓದುತ್ತದೆ. ಟರ್ಮಿನಲ್ಲಿಗೆ ಒತ್ತಿ ಅಗಲ ತಾಮ್ರದ ಪಟ್ಟಿ ಬೆಸುಗೆ ಹಾಕಿ, ಅದೇ ಪಟ್ಟಿಯ ಮೇಲೆ ಮೀಟರಿನ ಶಾರ್ಟ್ ಕರೆಕ್ಷನ್ ಮಾಡಿಕೊಂಡು ಓದಬೇಕು. ಬೋರ್ಡಿನ ಮೇಲೆ ಟ್ರಾನ್ಸ್‌ಫಾರ್ಮರಿನಿಂದ ಮಾಸ್‌ಫೆಟ್ಟಿಗೆ, ಅಲ್ಲಿಂದ ಇನ್‌ಪುಟ್ ಕೆಪಾಸಿಟರಿಗೆ ಸುತ್ತುವ ಲೂಪೂ ಲೀಕೇಜಿಗೇ ಸೇರುತ್ತದೆ. ಅದು 20 ನ್ಯಾನೊಹೆನ್ರಿ ಆದರೆ ಕ್ಲ್ಯಾಂಪಿಗೆ ಹೋಗುವ ಲೀಕೇಜಿನ ಶಕ್ತಿ ಶೇ 30 ಏರಿದಂತೆ. ಮಾಡೆಲಿಗಿಂತ ಅಳತೆ ಎರಡು ವ್ಯಾಟ್ ಹೆಚ್ಚು ಬಂದಾಗ ಮೊದಲು ಹುಡುಕಬೇಕಾದ ಜಾಗ ಇದು.

ಬಿಡಿಭಾಗಗಳ ಪಾಲು ಹಂಚುವುದು ಶಾಖದಿಂದ. ಇನ್ವರ್ಟರ್ ಆರಿಸಿ ಮಾಸ್‌ಫೆಟ್ಟಿನ ಬಾಡಿ ಡಯೋಡಿಗೆ ಮಾತ್ರ ಡಿಸಿ ಕರೆಂಟು ಹರಿಸಿ, ವೋಲ್ಟೇಜು ಗುಣಿಸು ಕರೆಂಟು 3 ವ್ಯಾಟ್ ಆಗುವಂತೆ ಇಟ್ಟು, ಉಷ್ಣತೆ ಸ್ಥಿರವಾದ ಮೇಲೆ ಬರೆದುಕೊಳ್ಳಬೇಕು. ಕೆಲಸ ಮಾಡುವಾಗ ಅದೇ ಉಷ್ಣತೆ ಬಂದರೆ ಅಲ್ಲಿ ನಷ್ಟವೂ ಹತ್ತಿರ ಹತ್ತಿರ 3 ವ್ಯಾಟ್, ಪಕ್ಕದ ಬಿಡಿಭಾಗಗಳಿಂದ ಬರುವ ಕಾವನ್ನು ಕಳೆದರೆ. ಥರ್ಮಲ್ ಕ್ಯಾಮೆರಾ ಹೊಳೆಯುವ ತಾಮ್ರ, ಬೆಸುಗೆಗಳನ್ನು ತಣ್ಣಗೆ ತೋರಿಸುತ್ತದೆ. ಅಂಥ ಜಾಗಕ್ಕೆ ಕಾವು ತಾಳುವ ಕ್ಯಾಪ್ಟಾನ್ (Kapton) ಟೇಪಿನ ತುಂಡು ಅಂಟಿಸಿ ಅದರ ಮೇಲೆ ಓದಬೇಕು. ಡಬ್ಬಿಗೆ ಪಾಟಿಂಗ್ (ಗಟ್ಟಿಯಾಗುವ ರಾಳ) ತುಂಬಿದ ಮೇಲೆ ಈ ಅಂಕಿಗಳೆಲ್ಲ ಬದಲಾಗುತ್ತವೆ, ಹಾಗಾಗಿ ಥರ್ಮೊಕಪಲ್‌ಗಳನ್ನು ಮೊದಲೇ ಒಳಗೆ ಹುದುಗಿಸಿಟ್ಟು ತುಂಬುವುದು.

ಕೊನೆಯದಾಗಿ ಮಾಡೆಲನ್ನು ಬಿಸಿ ಪ್ಯಾನೆಲ್ಲಿಗೆ ಓಡಿಸಲೇಬೇಕು. ಸೆಲ್ 70 ಡಿಗ್ರಿ ಆದಾಗ, ವೋಲ್ಟೇಜು ಮತ್ತು ಪವರು ಎರಡೂ ಡಿಗ್ರಿಗೆ ಶೇ 0.4 ಇಳಿಯುತ್ತವೆ ಎಂದು ಹಿಡಿದರೆ, 30 ವೋಲ್ಟ್ 24.6 ಆಗುತ್ತದೆ, 250 ವ್ಯಾಟ್ 205 ಆಗುತ್ತದೆ. ತುದಿಯ ಡ್ಯೂಟಿ 0.66ಕ್ಕೆ ಏರುತ್ತದೆ. ಅದೇ ಹೊತ್ತಿಗೆ ಗ್ರಿಡ್ 207ಕ್ಕೆ ಬಿದ್ದರೆ ಡಯೋಡಿನ ಅವಧಿ 0.33. ಎರಡೂ ಕೂಡಿ ಒಂದಕ್ಕೆ ಕೂದಲೆಳೆ ಕಡಿಮೆ. ಅಲ್ಲಿಂದ ಸ್ವಲ್ಪ ಜಾರಿದರೂ ಕರೆಂಟು ಸೊನ್ನೆಗೆ ಇಳಿಯುವ ಮೊದಲೇ ಸ್ವಿಚ್ ಆನ್ ಆಗುತ್ತದೆ, ಡಿಸ್‌ಕಂಟಿನ್ಯುಯಸ್ ಎಂದು ಹಿಡಿದ ಸೂತ್ರಗಳೆಲ್ಲ ತುದಿಯಲ್ಲಿ ಮುರಿಯುತ್ತವೆ, ಗ್ರಿಡ್ ಕರೆಂಟಿನ ನೆತ್ತಿ ಸೊಟ್ಟಗಾಗುತ್ತದೆ. ಗ್ಯಾಪನ್ನು 0.62ರಿಂದ 0.65 ಮಿಲಿಮೀಟರಿಗೆ ಹಿಗ್ಗಿಸಿ ಇಂಡಕ್ಟೆನ್ಸ್ ಶೇ 5 ಇಳಿಸಿದರೆ ಮೊತ್ತ 0.97ಕ್ಕೆ ಬಂದು ಉಸಿರಾಡಲು ಜಾಗ ಸಿಗುತ್ತದೆ. ಆದರೆ ಗ್ಯಾಪ್ ಹಿಗ್ಗಿದರೂ ಲೀಕೇಜ್ ಇದ್ದಷ್ಟೇ ಇರುತ್ತದೆ, ತುದಿಯ ಕರೆಂಟು ಮಾತ್ರ ಏರುತ್ತದೆ. ಪೂರ್ಣ ಲೋಡಿನಲ್ಲಿ ಕ್ಲ್ಯಾಂಪಿನ ಸಾಲಿಗೆ ಇನ್ನೊಂದು 0.2 ವ್ಯಾಟ್ ಸೇರಿಸಿ ಬರೆದುಕೊಳ್ಳಬೇಕು.